ಜನಪ್ರಿಯ ಸಿನಿಮಾ ಇಟ್ಟುಕೊಂಡು ಬದುಕಿನ ಚಿಂತನೆ: ಕೂಟ ಉಪದೇಶವಾಗದಂತೆ ನಡೆಸುವುದು ಹೇಗೆ?

ತುಂಗೆದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಡಾವಣೆಯ ವಾಚನಾಲಯದಲ್ಲಿ ತಿಂಗಳಿಗೊಂದು ಭಾನುವಾರ ಕೂಟ ಸೇರಿ, ಜನ ಮೆಚ್ಚಿದ ಕನ್ನಡ ಸಿನಿಮಾಗಳ ಮೂಲಕ ಬದುಕು, ಧರ್ಮ, ಅಧ್ಯಾತ್ಮದ ಬಗ್ಗೆ ಮಾತಾಡಬೇಕೆಂಬ ಯೋಜನೆ ಇದೆ. 20ರಿಂದ 25 ಜನ ಬರಬಹುದು. ಹೆಚ್ಚಿನವರು ನಿವೃತ್ತರು, ಆರೇಳು ಮಂದಿ ಕಾಲೇಜಿನವರು. ಸಂಜೆ 4ರಿಂದ 6.30ರವರೆಗೆ ಸಭಾಂಗಣ ಸಿಗುತ್ತದೆ.

ಸದ್ಯದ ಪಟ್ಟಿ: ಕಸ್ತೂರಿ ನಿವಾಸ, ಬಂಗಾರದ ಮನುಷ್ಯ, ಭಕ್ತ ಕುಂಬಾರ, ತಿಥಿ, 777 ಚಾರ್ಲಿ, ಕಾಂತಾರ.

ಇಂಥ ಕೂಟಗಳು ಎರಡು ರೀತಿ ಹಳಿ ತಪ್ಪುತ್ತವೆ. ಒಂದೋ ಅಭಿಮಾನಿಗಳ ಮಾತುಕತೆಯಾಗಿ ಚಿತ್ರ ಎಷ್ಟು ವಾರ ಓಡಿತು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇಲ್ಲವೇ ಯಾರೋ ಒಬ್ಬರು ಗೀತೆಯ ಶ್ಲೋಕ ಹಿಡಿದು ಪ್ರವಚನಕ್ಕೆ ಕೂತರೆ ಉಳಿದವರೆಲ್ಲ ಕೇಳುಗರಾಗಿಬಿಡುತ್ತಾರೆ. ಯಾವ ದೃಶ್ಯ ಆರಿಸಬೇಕು, ಏನು ಕೇಳಬೇಕು, ವಚನ, ದಾಸರ ಪದ, ಪುರಾಣಗಳನ್ನು ಎಲ್ಲಿ ತರಬೇಕು? ಕೂಟ ನಡೆಸುವ ಕ್ರಮ ಗೊತ್ತಿರುವವರು ದಯವಿಟ್ಟು ತಿಳಿಸಿ.

ದೃಶ್ಯಸಂಧಿ (ಉತ್ತರ)

ಮೊದಲು ಸಮಯದ ಲೆಕ್ಕ ನೋಡಿ. ಚಾರ್ಲಿ ಒಂದೇ ಸುಮಾರು ಎರಡೂ ಮುಕ್ಕಾಲು ಗಂಟೆಯ ಚಿತ್ರ. ಕಾಂತಾರ ಎರಡೂವರೆ ಗಂಟೆಗೆ ಹತ್ತಿರ. ಪೂರ್ತಿ ತೋರಿಸಲು ಹೋದರೆ ಮಾತಿಗೆ ಉಳಿಯುವುದು ಎದ್ದು ಚಪ್ಪಲಿ ಹುಡುಕುವಷ್ಟು ಹೊತ್ತು. ಆದ್ದರಿಂದ ಸಿನಿಮಾವನ್ನು ಹಿಂದಿನ ವಾರವೇ ಮನೆಯಲ್ಲಿ ನೋಡಿ ಬರಲು ಹೇಳಿ. ಕೂಟದಲ್ಲಿ ಮೂರು ತುಣುಕು ಸಾಕು, ಒಂದೊಂದು 4ರಿಂದ 7 ನಿಮಿಷ, ಎಲ್ಲ ಸೇರಿ 20 ನಿಮಿಷ ಮೀರಬಾರದು. ನಾಲ್ಕನೆಯ ತುಣುಕಿಗೆ ಆಸೆಪಟ್ಟರೆ ಮೂರನೆಯದರ ಚರ್ಚೆ ಅರ್ಧಕ್ಕೇ ನಿಲ್ಲುತ್ತದೆ.

ತುಣುಕು ಆರಿಸುವಲ್ಲೇ ಕೂಟದ ಹಣೆಬರಹ ತೀರ್ಮಾನವಾಗುತ್ತದೆ. ನಮ್ಮ ಜನಪ್ರಿಯ ಚಿತ್ರಗಳಲ್ಲಿ ನೀತಿಯನ್ನು ಹಾಡಿನಲ್ಲೋ ಹಿರಿಯರ ಮಾತಿನಲ್ಲೋ ಬಾಯಿಬಿಟ್ಟು ಹೇಳಿರುತ್ತಾರೆ. ಎಲ್ಲರೂ ಆರಿಸುವುದು ಆ ದೃಶ್ಯವನ್ನೇ. ಅದು ಎಲ್ಲರಿಗೂ ಬಾಯಿಪಾಠ ಆಗಿರುವುದರಿಂದ ಚರ್ಚೆಯಲ್ಲಿ ಹೊಸದೇನೂ ಹುಟ್ಟುವುದಿಲ್ಲ, ಹೌದು ಹೌದು ಎಂದು ತಲೆಯಾಡಿಸಿ ಮುಗಿಯುತ್ತದೆ. ಅದರ ಬದಲು, ಪಾತ್ರದ ಮುಂದೆ ಎರಡು ದಾರಿ ಇದ್ದು, ಒಂದನ್ನು ಹಿಡಿದಾಗ ಏನನ್ನೋ ಕಳೆದುಕೊಳ್ಳುವ ಗಳಿಗೆ ಹುಡುಕಿ. ಆ ನಿರ್ಧಾರಕ್ಕೆ ಒಂದು ನಿಮಿಷ ಮೊದಲು ತುಣುಕು ಶುರುವಾಗಲಿ. ಹಿನ್ನೆಲೆ ಸಂಗೀತ ಏರಿ, ಈಗ ಅಳಿ ಎಂದು ನಮಗೆ ಹೇಳುವುದಕ್ಕೆ ಮೊದಲೇ ನಿಲ್ಲಿಸಿ. ಸಂಗೀತ ಕೇಳಿದ ಮೇಲೆ ಎಲ್ಲರ ಉತ್ತರವೂ ಒಂದೇ ಆಗಿರುತ್ತದೆ.

ತುಣುಕನ್ನು ಗಂಟೆ-ನಿಮಿಷದ ಲೆಕ್ಕದಲ್ಲಿ ಬರೆದಿಟ್ಟುಕೊಂಡರೆ ಸಾಲದು. ಹಳೆಯ ಚಿತ್ರಗಳ ಪ್ರತಿಗಳು ಒಂದರಂತೆ ಒಂದಿರುವುದಿಲ್ಲ. ಟಿವಿ ಪ್ರತಿಗಳಲ್ಲಿ ಹಾಡು, ದೃಶ್ಯ ಕತ್ತರಿಸಿರುತ್ತಾರೆ. ಕಸ್ತೂರಿ ನಿವಾಸಕ್ಕಂತೂ ಮೂಲ ಕಪ್ಪು-ಬಿಳುಪು ಪ್ರತಿಯ ಜೊತೆ 2014ರಲ್ಲಿ ಬಂದ ಬಣ್ಣದ ಪ್ರತಿಯೂ ಇದೆ. ಯಾವ ಮಾತಿನಿಂದ ಶುರು, ಯಾವ ಮಾತಿಗೆ ನಿಲ್ಲಿಸಬೇಕು ಎಂದು ಬರೆದುಕೊಳ್ಳಿ.

ಪ್ರಶ್ನೆಗಳಿಗೂ ಒಂದು ಕ್ರಮ ಬೇಕು. "ಇದರಿಂದ ನಾವು ಕಲಿಯುವ ಪಾಠವೇನು" ಎಂದು ಮೊದಲೇ ಕೇಳಿದರೆ ಕೂಟ ಅಲ್ಲಿಗೇ ಮುಗಿಯಿತು, ಅದು ಶಾಲೆಯ ಪ್ರಶ್ನೆಪತ್ರಿಕೆ. ಮೊದಲು ಏನು ಕಂಡಿತು ಎಂದಷ್ಟೇ ಕೇಳಿ: ಕೈಯಲ್ಲಿ ಏನಿತ್ತು, ಯಾರು ನಿಂತಿದ್ದರು, ಯಾರು ಕೂತಿದ್ದರು, ಯಾರು ಯಾರ ಮುಖ ನೋಡಲಿಲ್ಲ. ಇದಕ್ಕೆ ತಪ್ಪು ಉತ್ತರ ಇಲ್ಲ. ಹಾಗಾಗಿ ಎಂದೂ ಬಾಯಿಬಿಡದವರೂ ಒಂದು ಮಾತು ಸೇರಿಸುತ್ತಾರೆ. ಆಮೇಲೆ, ಆ ಪಾತ್ರಕ್ಕೆ ಬೇರೆ ದಾರಿ ಇತ್ತೇ ಎಂದು ಕೇಳಿ. ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಈ ನಿರ್ಧಾರದ ಬೆಲೆ ಎಷ್ಟು, ಅದನ್ನು ತೆತ್ತವರು ಯಾರು? ನಾಯಕ ತ್ಯಾಗ ಮಾಡುತ್ತಾನೆ, ಬೆಲೆಯನ್ನು ಬಹಳ ಸಲ ಹೆಂಡತಿಯೋ ತಂಗಿಯೋ ಆಳೋ ಕೊಟ್ಟಿರುತ್ತಾರೆ. ಸಿನಿಮಾ ಅವರ ಮುಖಕ್ಕೆ ಎರಡು ಸೆಕೆಂಡು ಕೊಟ್ಟು ಮುಂದೆ ಹೋಗಿರುತ್ತದೆ. ಆ ಎರಡು ಸೆಕೆಂಡಿನ ಮೇಲೆ ಅರ್ಧ ಗಂಟೆ ಮಾತಾಡಬಹುದು.

ಕೊನೆಯ ಪ್ರಶ್ನೆ, ನನ್ನ ಬದುಕಿನಲ್ಲಿ ಇದು ಎಲ್ಲಿ ತಾಗುತ್ತದೆ ಎಂಬುದು. ಇದನ್ನು ಬಾಯಲ್ಲಿ ಕೇಳಬೇಡಿ. ಪೋಸ್ಟ್ ಕಾರ್ಡಿನಷ್ಟು ಕಾಗದ ಕೊಟ್ಟು, ಐದು ನಿಮಿಷ ಮೌನವಾಗಿ ಬರೆದು ಜೇಬಿಗಿಟ್ಟುಕೊಳ್ಳಲು ಹೇಳಿ. ಓದಲು ಒತ್ತಾಯ ಮಾಡಬಾರದು. ಓದಿಸುವ ಅಭ್ಯಾಸ ಶುರುವಾದರೆ ಮುಂದಿನ ತಿಂಗಳಿಂದ ಜನ ಚೆಂದಕ್ಕೆ ಬರೆಯತೊಡಗುತ್ತಾರೆ.

ಕುರ್ಚಿಗಳನ್ನು ಸಾಲಾಗಿ ಇಡಬೇಡಿ. ತುಣುಕು ನೋಡಿದ ಮೇಲೆ ಆರಾರು ಜನರ ಗುಂಪಾಗಲಿ, ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಕಾಲೇಜಿನವರು ಇರಲಿ. 25 ಜನರ ಒಂದೇ ಸಭೆಯಲ್ಲಿ ಮಾತಾಡುವವರು ನಾಲ್ಕೇ ಜನ.

ಅಂಕಿತನಾಮ (ಉತ್ತರ)

ದೃಶ್ಯಸಂಧಿ ಹೇಳಿದ ಕ್ರಮ ಸರಿಯಾಗಿದೆ. ಅದನ್ನು ಕಸ್ತೂರಿ ನಿವಾಸಕ್ಕೆ ಹಚ್ಚಿ ತೋರಿಸುತ್ತೇನೆ. ಮೊದಲ ತಿಂಗಳಿಗೆ ಇದಕ್ಕಿಂತ ತಕ್ಕ ಚಿತ್ರ ಇಲ್ಲ.

ದೊರೈ-ಭಗವಾನ್ ನಿರ್ದೇಶನದ ಈ ಚಿತ್ರದಲ್ಲಿ ರವಿವರ್ಮ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ. ಕೊಡುವುದು ಅವನ ಮನೆತನದ ಹೆಮ್ಮೆ. ಕೆಲಸಕ್ಕಿದ್ದವನೇ ಬೆಳೆದು ಎದುರಾಳಿಯಾಗುತ್ತಾನೆ, ಮನೆ ಕೂಡ ಕೈಬಿಟ್ಟುಹೋಗುತ್ತದೆ. ಎಲ್ಲರೂ ಎತ್ತಿಕೊಳ್ಳುವ ಪಾಠ: ಕೊಡುಗೈ ದೊಡ್ಡದು. ಇಲ್ಲಿಗೇ ನಿಂತರೆ ಚಿತ್ರದ ಅರ್ಧವನ್ನಷ್ಟೇ ನೋಡಿದಂತೆ.

ಮೊದಲ ತುಣುಕಾಗಿ ಬೊಂಬೆಯ ಹಾಡಿನ ಎರಡೂ ರೂಪಗಳನ್ನು ಒಂದರ ಹಿಂದೆ ಒಂದು ಕೇಳಿಸಿ. ಚಿ. ಉದಯಶಂಕರ್ ಬರೆದು ಜಿ.ಕೆ. ವೆಂಕಟೇಶ್ ರಾಗ ಹಾಕಿ ಪಿ.ಬಿ. ಶ್ರೀನಿವಾಸ್ ಹಾಡಿದ ಈ ಹಾಡು ಒಮ್ಮೆ ಸಂತೋಷದಲ್ಲಿ, ಒಮ್ಮೆ ದುಃಖದಲ್ಲಿ ಬರುತ್ತದೆ. ಮೊದಲ ಸಲ ಬೊಂಬೆ ಎಷ್ಟು ಬೀಳಿಸಿದರೂ ಏಳುತ್ತದೆ. ಎರಡನೆಯ ಸಲ ಆಡಿಸಿದವನಿಗೇ ಬೇಸರವಾಗಿ ಆಟ ನಿಂತಿರುತ್ತದೆ. ಸಾಧ್ಯವಾದರೆ ಅಂಥದೊಂದು ಬೊಂಬೆಯನ್ನು ಮೇಜಿನ ಮೇಲೆ ಇಟ್ಟು, ಇದು ಬೀಳದಿರುವುದು ಏಕೆ ಎಂದು ಕೇಳಿ. ಬುಡ ಭಾರವಾಗಿದೆ, ದುಂಡಗಿದೆ, ಮೇಲ್ಭಾಗ ಹಗುರ, ಅಷ್ಟೇ. ಹಾಗಾದರೆ ರವಿವರ್ಮನ ಬುಡದ ಭಾರ ಯಾವುದು? ಹಣವೇ? ಹಣ ಹೋದ ಮೇಲೂ ಬಹಳ ಕಾಲ ನಿಂತಿದ್ದನಲ್ಲ. ಕೊಡುವ ಗುಣವೇ? ಅಥವಾ ಕೊಡುವವನು ಎಂಬ ಹೆಸರೇ? ಗುಂಪು ಇಲ್ಲಿ ಎರಡಾಗುತ್ತದೆ, ಆಗಲಿ ಬಿಡಿ.

ಎರಡನೆಯದು ಪಾರಿವಾಳದ ದೃಶ್ಯ. ರವಿವರ್ಮನ ಹಳೆಯ ಪರಿಚಯದ ನೀಲಾ ಮನೆಗೆ ಬರುತ್ತಾಳೆ. ಅತಿಥಿಗೆ ಬಡಿಸಲು ಮನೆಯಲ್ಲಿ ಏನೂ ಇಲ್ಲ. ಆ ಊಟಕ್ಕಾಗಿ ಸಾಕಿದ ಪಾರಿವಾಳವನ್ನೇ ಕೈಬಿಡಬೇಕಾಗುತ್ತದೆ. ಊಟವಾದ ಮೇಲೆ ಅವಳು ಕೇಳುವುದು ಅದೇ ಪಾರಿವಾಳವನ್ನು. ಜೀವನದಲ್ಲಿ ಇಲ್ಲ ಎನ್ನದವನು ಇಲ್ಲ ಎನ್ನಬೇಕಾಗುತ್ತದೆ. ಅವನ ಮುಖ ಕಾಣುವಲ್ಲಿ ನಿಲ್ಲಿಸಿ, ಸಾವಿನವರೆಗೆ ಹೋಗಬೇಡಿ.

ಚರ್ಚೆ ಅರ್ಧ ಗಂಟೆ ನಡೆದ ಮೇಲೆ ಪುರಾಣ ತನ್ನಿ. ಶಿಬಿ ಚಕ್ರವರ್ತಿ ಪಾರಿವಾಳ ಉಳಿಸಲು ತನ್ನ ತೊಡೆಯ ಮಾಂಸ ಕೊಯ್ದುಕೊಟ್ಟ. ಮಹಾಭಾರತದ ಶಾಂತಿಪರ್ವದಲ್ಲಿ ಹಸಿದ ಬೇಡನಿಗಾಗಿ ಕಪೋತ ತಾನೇ ಬೆಂಕಿಗೆ ಹಾರುತ್ತದೆ. ಎರಡರಲ್ಲೂ ಕೊಡುವವನು ತನ್ನ ಮೈಯನ್ನೇ ಕೊಟ್ಟ. ಕಸ್ತೂರಿ ನಿವಾಸದಲ್ಲಿ ಬೆಲೆಯಾಗಿ ಹೋದದ್ದು ಪಾರಿವಾಳ, ಮಾತು ಉಳಿದದ್ದು ಮನೆಯೊಡೆಯನದು. ಈ ವ್ಯತ್ಯಾಸ ಮುಂದಿಟ್ಟರೆ ದಾನ ಎಂಬ ಮಾತು ಮೊದಲಿನಷ್ಟು ಹಗುರವಾಗಿ ಯಾರ ಬಾಯಲ್ಲೂ ಬರುವುದಿಲ್ಲ.

ವಚನದಿಂದ ಒಂದೇ ಒಂದು ಜೋಡಿ: ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ "ಈಸಕ್ಕಿಯಾಸೆ ನಿಮಗೇಕೆ" ಎಂದು ಕೇಳಿ, ಹೆಚ್ಚಿನದನ್ನು ವಾಪಸು ಸುರಿದು ಬರಲು ಕಳಿಸಿದವಳು. ಅವರ ಮನೆಯಲ್ಲೂ ದಾಸೋಹ ನಡೆಯುತ್ತಿತ್ತು. ಆದರೆ ಅಲ್ಲಿ ಕೊಡುವುದಕ್ಕೆ ಅಂದಂದಿನ ಕಾಯಕದ ಅಳತೆ ಇತ್ತು, ಕೊಟ್ಟೆನೆಂಬ ಹೆಮ್ಮೆಗೆ ಜಾಗ ಇರಲಿಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ವಚನವನ್ನು ಮೊದಲೇ ಓದಿದರೆ ಚಿತ್ರ ಬರೀ ಅದರ ಉದಾಹರಣೆಯಾಗುತ್ತದೆ, ಕೊನೆಗೆ ಓದಿದರೆ ಎರಡೂ ಎದುರುಬದುರು ನಿಲ್ಲುತ್ತವೆ.

ಗಗ್ಗರ (ಉತ್ತರ)

ಕಾಂತಾರದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಘಟ್ಟದ ಮೇಲಿನ ಕೂಟಗಳು ಇದರಲ್ಲಿ ಒಂದೇ ಥರದ ತಪ್ಪು ಮಾಡುತ್ತವೆ.

ಕೊನೆಯ ಇಪ್ಪತ್ತು ನಿಮಿಷ ಹಾಕಿ ಮೈ ಜುಮ್ಮೆನ್ನಿಸಿ, ಆಮೇಲೆ ಶಕ್ತಿ, ಆವೇಶ ಎಂದು ಮಾತಾಡುವುದು ಬೇಡ. ಭೂತಾರಾಧನೆ ತುಳುನಾಡಿನಲ್ಲಿ ಇಂದೂ ನಡೆಯುವ ಆರಾಧನೆ. ಪಂಜುರ್ಲಿ, ಗುಳಿಗ ಅಲ್ಲಿನ ಮನೆಮನೆಗೆ ಸಂಬಂಧಪಟ್ಟ ದೈವಗಳು. ಕೋಲ (ದೈವದ ನರ್ತನಸೇವೆ) ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯಗಳವರು, ಅದಕ್ಕೆ ನೇಮ-ನಿಷ್ಠೆ ಇದೆ. ಚಿತ್ರ ಬಿಡುಗಡೆಯಾದ ಹೊಸತರಲ್ಲಿ ಆ ಕೂಗನ್ನೂ ವೇಷವನ್ನೂ ಅನುಕರಿಸಬೇಡಿ ಎಂದು ಚಿತ್ರತಂಡವೇ ಜನರನ್ನು ಕೇಳಿಕೊಂಡಿತ್ತು. ನಿಮ್ಮ ಕೂಟದಲ್ಲಿ ಯಾರಾದರೂ ತಮಾಷೆಗೆ ಕೂಗಿದರೂ ಅಲ್ಲಿ ಕೂತ ಕರಾವಳಿಯವರಿಗೆ ನೋವಾಗುತ್ತದೆ. ಆರಂಭದಲ್ಲೇ ಒಂದು ಮಾತು ಹೇಳಿಬಿಡಿ.

ಚಿಂತನೆಗೆ ಸಿಗುವ ವಸ್ತು ಆರಂಭದ ಭಾಗದಲ್ಲಿದೆ. ಅರಸನಿಗೆ ಎಲ್ಲ ಇದ್ದರೂ ನೆಮ್ಮದಿ ಇಲ್ಲ. ದೈವದ ಕಲ್ಲಿಗೆ ಬದಲಾಗಿ ಕಾಡಿನ ಜನರಿಗೆ ಭೂಮಿ ಬಿಟ್ಟುಕೊಡುತ್ತಾನೆ, ಮಾತು ಕೊಡುತ್ತಾನೆ. ತಲೆಮಾರು ಕಳೆದ ಮೇಲೆ ಅವನ ವಂಶದ ಧಣಿ ಆ ಭೂಮಿ ವಾಪಸು ಕೇಳುತ್ತಾನೆ. ಇಲ್ಲಿ ನಿಲ್ಲಿಸಿ ಕೇಳಬೇಕಾದದ್ದು: ಅಜ್ಜ ಕೊಟ್ಟ ಮಾತು ಮೊಮ್ಮಗನನ್ನು ಕಟ್ಟುತ್ತದೆಯೇ? ನೆಮ್ಮದಿ ಪಡೆದವನು ಒಬ್ಬ, ಭೂಮಿ ಕಳೆದುಕೊಂಡೆ ಎಂದು ಕೊರಗುವವನು ಇನ್ನೊಬ್ಬ. ಆಸ್ತಿ ಇರುವ ಯಾವ ಮನೆಗಾದರೂ ತಾಗುವ ಪ್ರಶ್ನೆ ಇದು.

ಇನ್ನೊಂದು ಎಳೆಯೂ ಇದೆ. ಒಂದೇ ನೆಲದ ಮೇಲೆ ಮೂರು ಹಕ್ಕು ಬಂದು ನಿಲ್ಲುತ್ತವೆ. ಧಣಿಯ ಕೈಯಲ್ಲಿ ಕಾಗದಪತ್ರ, ಅರಣ್ಯಾಧಿಕಾರಿ ಮುರಳಿಯ ಕೈಯಲ್ಲಿ ಕಾಯಿದೆ, ಜನರ ಬಳಿ ದೈವದ ನುಡಿ. ಮೂರು ಗುಂಪು ಮಾಡಿ ಒಂದೊಂದು ಗುಂಪು ಒಂದೊಂದರ ಪರ ಹತ್ತು ನಿಮಿಷ ಯೋಚಿಸಲಿ. ಆಮೇಲೆ ಕೊನೆಯಲ್ಲಿ ದೈವ ಎಲ್ಲರ ಕೈ ಹಿಡಿದು ಕೂಡಿಸುವ ಗಳಿಗೆ ತೋರಿಸಿ, ಅದನ್ನು ಮಾತ್ರ. ಅಲ್ಲಿ ಮುರಳಿಯ ಕೈಯೂ ಸೇರುತ್ತದೆ, ಧಣಿಯದು ಇಲ್ಲ. ಅದು ನ್ಯಾಯವೋ, ಸಿನಿಮಾದ ಅನುಕೂಲವೋ ಎಂದು ಮಾತಾಡಲಿ.

ಕಡೆಯಂಕ (ಉತ್ತರ)

777 ಚಾರ್ಲಿಗೆ ಎರಡು ಸಿದ್ಧತೆ ಬೇಕು.

ಮೊದಲನೆಯದು ಜನರ ಮನಸ್ಸಿನ ಬಗ್ಗೆ. ನಾಯಿಗೆ ವಾಸಿಯಾಗದ ಕಾಯಿಲೆ, ಕೊನೆಗೆ ಸಾವು. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು ಅಥವಾ ಕ್ಯಾನ್ಸರ್ ರೋಗಿಯ ಆರೈಕೆಯಲ್ಲಿ ಇರುವವರು ಕೂಟದಲ್ಲಿ ಇದ್ದೇ ಇರುತ್ತಾರೆ. ಹಿಂದಿನ ವಾರದ ಸಂದೇಶದಲ್ಲೇ ಚಿತ್ರದಲ್ಲಿ ಇಂಥದ್ದಿದೆ ಎಂದು ಬರೆಯಿರಿ. ಎದ್ದು ಹೋಗಬೇಕೆನಿಸಿದವರಿಗೆ ಬಾಗಿಲ ಹತ್ತಿರ ಕುರ್ಚಿ ಇರಲಿ, ಹೊರಗೆ ಒಬ್ಬರು ನೀರು ಇಟ್ಟುಕೊಂಡು ಇರಲಿ. ಅತ್ತವರನ್ನು ಸಮಾಧಾನ ಮಾಡುವ ನೆಪದಲ್ಲಿ ಎಲ್ಲ ಕರ್ಮ ಎಂದೋ ದೇವರ ಇಚ್ಛೆ ಎಂದೋ ಯಾರೂ ಹೇಳಬಾರದು. ಕೂಟ ನಡೆಸುವವರು ಇದನ್ನು ನಿಷ್ಠುರವಾಗಿ ತಡೆಯಬೇಕು. ದುಃಖದಲ್ಲಿ ಇರುವವರಿಗೆ ಆ ಮಾತು ಕಲ್ಲು ಹೊಡೆದ ಹಾಗೆ ಇರುತ್ತದೆ.

ಎರಡನೆಯದು ಪುರಾಣದ ಎಳೆ. ನಾಯಕನ ಹೆಸರು ಧರ್ಮ, ಜೊತೆಗೆ ನಾಯಿ, ಹಿಮದ ಕಡೆಗೆ ಪಯಣ. ಧರ್ಮರಾಯನ ಮಹಾಪ್ರಸ್ಥಾನ ನೆನಪಾಗದೆ ಇರದು. ಕೂಟದಲ್ಲಿ ಯಾರಾದರೂ ಕುಮಾರವ್ಯಾಸ ಭಾರತ ತಂದು ಹುಡುಕಿದರೆ ಈ ಪ್ರಸಂಗ ಸಿಗುವುದಿಲ್ಲ. ಕುಮಾರವ್ಯಾಸ ಗದಾಪರ್ವದವರೆಗೆ ಹತ್ತು ಪರ್ವ ಬರೆದು ನಿಲ್ಲಿಸಿದ. ಮುಂದಿನದನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಪೂರ್ತಿಮಾಡಿದ. ಅದು ಸಿಗದಿದ್ದರೆ ವ್ಯಾಸಭಾರತದ ಗದ್ಯಾನುವಾದ ತನ್ನಿ.

ಕಥೆ ಎಲ್ಲರಿಗೂ ಗೊತ್ತು ಎಂದು ಬಿಡಬೇಡಿ, ವಿವರದಲ್ಲೇ ಸ್ವಾರಸ್ಯ ಇದೆ. ತಮ್ಮಂದಿರು, ದ್ರೌಪದಿ ಒಬ್ಬೊಬ್ಬರಾಗಿ ಬಿದ್ದಾಗ ಧರ್ಮರಾಯ ತಿರುಗಿ ನೋಡದೆ ನಡೆದ. ನಾಯಿಯನ್ನು ಬಿಟ್ಟು ರಥ ಹತ್ತು ಎಂದು ಇಂದ್ರ ಹೇಳಿದಾಗ ಮಾತ್ರ ನಿಂತ. ನಂಬಿ ಬಂದದ್ದನ್ನು ಬಿಡಲಾರೆ ಎಂದ. ಅಲ್ಲಿ ಅವನು ಹಿಡಿದ ಗುಣಕ್ಕೆ ಮೂಲದಲ್ಲಿರುವ ಹೆಸರು ಆನೃಶಂಸ್ಯ, ಅಂದರೆ ಕ್ರೂರವಾಗದೆ ಇರುವುದು. ನಾಯಿಯ ರೂಪದಲ್ಲಿ ಇದ್ದದ್ದು ಧರ್ಮದೇವತೆ. ಸಿನಿಮಾದಲ್ಲಿ ಇದು ತಿರುವುಮುರುವಾಗಿದೆ: ಧರ್ಮ ಎಂಬ ಹೆಸರಿನವನೇ ಯಾರಿಗೂ ಬೇಡವಾಗಿ, ಯಾರೂ ಬೇಡವೆಂದು ಬದುಕುವವನು. ನಾಯಿ ಬಂದ ಮೇಲೆ ಹೆಸರಿಗೆ ತಕ್ಕವನಾಗುತ್ತಾನೆ. ಯಾರು ಯಾರನ್ನು ಕರೆದೊಯ್ದರು ಎಂದು ಕೇಳಿ ಬಿಟ್ಟುಬಿಡಿ.

ತುಣುಕಿಗೆ ಸಾವಿನ ದೃಶ್ಯ ಬೇಡ. ಧರ್ಮ ಆ ನಾಯಿಯನ್ನು ಹೊರಗೆ ಹಾಕಲು ನೋಡುವ ಆರಂಭದ ದೃಶ್ಯಗಳಲ್ಲಿ ಒಂದು, ಕಾಯಿಲೆ ಗೊತ್ತಾದ ಮೇಲೆ ಹೊರಡಲು ತೀರ್ಮಾನಿಸುವ ದೃಶ್ಯ ಒಂದು. "ದಯವೇ ಧರ್ಮದ ಮೂಲ" ಎಂಬ ಬಸವಣ್ಣನವರ ಮಾತು ಎಲ್ಲರ ನಾಲಗೆಯ ತುದಿಯಲ್ಲಿ ಇರುತ್ತದೆ. ಅದನ್ನು ಯಾರೋ ಹೇಳಿಯೇ ಹೇಳುತ್ತಾರೆ. ಹೇಳಿದಾಗ "ಸಕಲ ಪ್ರಾಣಿಗಳೆಲ್ಲರಲ್ಲಿ" ಎಂಬ ಭಾಗದ ಮೇಲೆ ನಿಲ್ಲಿಸಿ, ನಮ್ಮ ಬೀದಿಯ ನಾಯಿಗಳ ಬಗ್ಗೆ ಕೂಟದ ಅಭಿಪ್ರಾಯ ಕೇಳಿ. ಚರ್ಚೆ ಕೂಡಲೇ ನೆಲಕ್ಕೆ ಇಳಿಯುತ್ತದೆ.

ತುಂಗೆದಡ

ತುಂಬ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಇನ್ನೂ ಎರಡು ಅನುಮಾನ. ಭಕ್ತ ಕುಂಬಾರದಲ್ಲಿ ಮಗು ಮಣ್ಣಿನಲ್ಲಿ ತುಳಿದುಹೋಗುವ ದೃಶ್ಯ ಇದೆಯಲ್ಲ, ಅದನ್ನು ತೋರಿಸುವುದೋ ಬಿಡುವುದೋ? ಹಾಗೆಯೇ ಬಂಗಾರದ ಮನುಷ್ಯದಲ್ಲಿ "ಆಗದು ಎಂದು" ಹಾಡು ಬಿಟ್ಟು ಬೇರೇನು ಹಿಡಿಯಬಹುದು?

ತಿಗರಿ (ಉತ್ತರ)

ಭಕ್ತ ಕುಂಬಾರದ ಆ ದೃಶ್ಯ ತೋರಿಸಿ. ಅದನ್ನು ಬಿಟ್ಟರೆ ಗೋರಾ ಕುಂಬಾರನ ಕಥೆಯೇ ಉಳಿಯುವುದಿಲ್ಲ. ಆದರೆ ಪವಾಡದ ಭಾಗಕ್ಕೆ ಹೋಗುವ ಮೊದಲು ನಿಲ್ಲಿಸಿ. ಭಕ್ತಿಚಿತ್ರಗಳಲ್ಲಿ ಚಿಂತನೆ ಸಪ್ಪೆಯಾಗುವುದು ಇಲ್ಲೇ: ಕೊನೆಗೆ ದೇವರು ಬಂದು ಎಲ್ಲ ಸರಿಮಾಡುತ್ತಾನೆ ಎಂದು ಗೊತ್ತಿರುವುದರಿಂದ ನಡುವಿನ ನೋವನ್ನು ಯಾರೂ ನೋಡುವುದಿಲ್ಲ. ತಾಯಿಯ ಕಡೆಯಿಂದ ಕೇಳಿ. ವಿಠಲನ ಧ್ಯಾನದಲ್ಲಿ ಮೈಮರೆತದ್ದು ಭಕ್ತಿ, ಸರಿ. ಅಂಗಳದಲ್ಲಿ ಆಡುವ ಮಗುವಿನ ಮೇಲೆ ಕಣ್ಣಿಡುವುದು ಯಾರ ಕೆಲಸವಾಗಿತ್ತು? ಅವಳ ಸಿಟ್ಟನ್ನು ಸಂಸಾರದ ಮೋಹ ಎಂದು ತಳ್ಳಿಹಾಕಬಹುದೇ?

ಗೋರಾ ಕುಂಬಾರನ ಬಗ್ಗೆ ಪಂಢರಪುರದ ವಿಠಲನ ಭಕ್ತರಾದ ವಾರಕರಿಗಳ ಪರಂಪರೆಯಲ್ಲಿ ಇನ್ನೊಂದು ಕಥೆ ಇದೆ. ಚರ್ಚೆಗೆ ಅದು ಚೆನ್ನಾಗಿ ಒದಗುತ್ತದೆ. ಸಂತರೆಲ್ಲ ಸೇರಿದ್ದಾಗ ಮುಕ್ತಾಬಾಯಿ ಗೋರಾನಿಗೆ, ಇವರಲ್ಲಿ ಬೆಂದ ಮಡಕೆ ಯಾವುದು, ಹಸಿ ಮಡಕೆ ಯಾವುದು ನೋಡು ಎನ್ನುತ್ತಾಳೆ. ಗೋರಾ ಮಡಕೆ ತಟ್ಟುವ ಹಲಗೆಯಿಂದ ಒಬ್ಬೊಬ್ಬರ ತಲೆ ತಟ್ಟುತ್ತಾ ಬರುತ್ತಾನೆ. ಎಲ್ಲರೂ ಸುಮ್ಮನಿದ್ದರೆ ನಾಮದೇವ ಮಾತ್ರ ಸಿಡುಕುತ್ತಾನೆ. ಇದು ಹಸಿ ಎಂದು ಗೋರಾ ತೀರ್ಪು ಕೊಡುತ್ತಾನೆ. ಅವಮಾನ ತಾಳಲಾರದ ನಾಮದೇವ ಕೊನೆಗೆ ವಿಸೋಬಾ ಖೇಚರನನ್ನು ಗುರುವಾಗಿ ಪಡೆಯುತ್ತಾನೆ. ಕುಂಬಾರಿಕೆ ಬಲ್ಲವರಿಗೆ ಈ ಮಾತಿನ ತೂಕ ಗೊತ್ತು. ತಿಗರಿಯ ಮೇಲೆ ಎಷ್ಟೇ ಚೆಂದಾಗಿ ಎದ್ದ ಮಡಕೆಯೂ ಆವಿಗೆಯಲ್ಲಿ ಬೇಯದಿದ್ದರೆ ನೀರು ಹಾಕಿದ ಕೂಡಲೇ ಕರಗುತ್ತದೆ. ಬೆಂದದ್ದು ತಟ್ಟಿದರೆ ಟಣ್ ಎನ್ನುತ್ತದೆ, ಹಸಿಯದು ಮಂಕಾಗಿ ಸದ್ದು ಮಾಡುತ್ತದೆ. ಎರಡು ಮಡಕೆ ತಂದು ತಟ್ಟಿಸಿ, ಐದು ನಿಮಿಷದ ಕೆಲಸ.

ಕನ್ನಡದ ಕಡೆಯಿಂದ ಜೋಡಿ ಬೇಕೆಂದರೆ ಹರಿಹರನ ಕುಂಬಾರ ಗುಂಡಯ್ಯನ ರಗಳೆ. ಅಲ್ಲಿ ಗುಂಡಯ್ಯ ಮಡಕೆ ತಟ್ಟುವ ಸದ್ದಿಗೆ ಶಿವನೇ ಕುಣಿಯುತ್ತಾನೆ. ಒಬ್ಬ ಕುಂಬಾರ ಕೆಲಸದಲ್ಲಿ ದೇವರ ನೆನಪಾಗಿ ಕೆಲಸವನ್ನೇ ಮರೆತ, ಇನ್ನೊಬ್ಬನ ಕೆಲಸದ ಸದ್ದೇ ದೇವರನ್ನು ಕರೆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಾಯಕ ಎಂಬ ಮಾತಿಗೆ ಬೇರೆ ವಿವರಣೆ ಬೇಕಾಗದು.

ದೃಶ್ಯಸಂಧಿ

ಬಂಗಾರದ ಮನುಷ್ಯದ ಬಗ್ಗೆ: ಆ ಹಾಡನ್ನು ಪೂರ್ತಿ ಬಿಡಬೇಡಿ, ಮೊದಲು ಒಮ್ಮೆ ಹಾಕಿ. ಆರ್.ಎನ್. ಜಯಗೋಪಾಲ್ ಬರೆದ ಆ ಹಾಡಿನಲ್ಲಿ ಕನ್ನಂಬಾಡಿ ಕಟ್ಟಿದ ವಿಶ್ವೇಶ್ವರಯ್ಯನವರ ನೆನಪಿದೆ. ಚಿತ್ರ ನೋಡಿ ಊರಿಗೆ ಮರಳಿ ಬೇಸಾಯಕ್ಕಿಳಿದವರ ಮಾತು ಇಂದಿಗೂ ಕೇಳಿಬರುತ್ತದೆ. ಹಿರಿಯರು ಜೊತೆಗೆ ಹಾಡಿಕೊಳ್ಳಲಿ, ಮನಸ್ಸು ತೆರೆಯುತ್ತದೆ. ಆದರೆ ಚರ್ಚೆಗೆ ಕೊನೆಯ ಭಾಗ ಹಿಡಿಯಿರಿ. ಬಂಡೆ ಒಡೆದು, ಬಂಜರು ಹಸನು ಮಾಡಿ, ಅಕ್ಕನ ಮಕ್ಕಳನ್ನು ಬೆಳೆಸಿದ ರಾಜೀವ, ಅದೇ ಮನೆಯಲ್ಲಿ ಅನುಮಾನದ ಮಾತು ಕೇಳಿ ಊಟದ ನಡುವೆಯೇ ಏಳುತ್ತಾನೆ. ತಾನು ಗುಟ್ಟಾಗಿ ಯಾರಿಗೆ ನೆರವಾಗುತ್ತಿದ್ದೆ, ಏಕೆ ಎಂದು ಹೇಳಿದ್ದರೆ ಎಲ್ಲ ತಿಳಿಯಾಗುತ್ತಿತ್ತು. ಹೇಳುವುದಿಲ್ಲ, ಹೊರಟುಹೋಗುತ್ತಾನೆ.

ಕೇಳಬೇಕಾದದ್ದು: ಈ ಮೌನ ವೈರಾಗ್ಯವೋ, ನೊಂದ ಅಭಿಮಾನವೋ? ಬೆಲೆ ತೆತ್ತವರು ಯಾರು? ಅವನು ಹೋದ ಮೇಲೆ ಉಳಿದ ಅಕ್ಕ.

ಅಂಕಿತನಾಮ

ಇಲ್ಲಿ ನನ್ನ ಅಭಿಪ್ರಾಯ ಬೇರೆ. ರಾಜೀವ ಬಾಯಿಬಿಟ್ಟಿದ್ದರೆ ಇನ್ನೊಂದು ಹೆಣ್ಣಿನ ಮಾನ ಬೀದಿಗೆ ಬರುತ್ತಿತ್ತು. ಅವಳ ಗುಟ್ಟು ಕಾಯಲು ಅವನು ತನ್ನ ಹೆಸರನ್ನೇ ಬಿಟ್ಟುಕೊಟ್ಟ. ಕಸ್ತೂರಿ ನಿವಾಸದ ರವಿವರ್ಮ ಕೊನೆಯವರೆಗೂ ಬಿಡಲಾರದ್ದು ಹೆಸರನ್ನು. ಎರಡೂ ಚಿತ್ರ ಹಿಂದುಮುಂದಾಗಿ ಒಂದು ವರ್ಷದ ಅಂತರದಲ್ಲಿ ಬಂದವು, ಎರಡರಲ್ಲೂ ರಾಜ್‌ಕುಮಾರ್ ಅವರೇ ಇದ್ದಾರೆ. ಆದ್ದರಿಂದ ಈ ಎರಡನ್ನು ಅನುಕ್ರಮವಾಗಿ ಮೊದಲ, ಎರಡನೆಯ ತಿಂಗಳಿಗೆ ಇಡಿ. ಹಿಂದಿನ ತಿಂಗಳ ಪ್ರಶ್ನೆ ಅಲ್ಲೇ ಮುಂದುವರಿಯುತ್ತದೆ.

ತಿಥಿಯನ್ನು ಮಾತ್ರ ಆರನೆಯ ತಿಂಗಳಿಗೆ ತಳ್ಳಿ. ಮಂಡ್ಯದ ನೊದೆಕೊಪ್ಪಲಿನಲ್ಲಿ, ನಟನೆ ಕಸುಬಲ್ಲದ ಊರಿನವರನ್ನೇ ಇಟ್ಟುಕೊಂಡು ತೆಗೆದ ಚಿತ್ರ, ಕುಡಿತ ಮತ್ತು ಬೈಗುಳ ಧಾರಾಳ. ಕೂಟ ಹದಕ್ಕೆ ಬಂದ ಮೇಲಾದರೆ ತಡೆದುಕೊಳ್ಳುತ್ತದೆ. ಆಸ್ತಿ ಬೇಡ, ಮನೆ ಬೇಡ ಎಂದು ಅಲೆಯುವ ಗಡ್ಡಪ್ಪನನ್ನು ಅವಧೂತ ಎಂದು ಕೊಂಡಾಡುವವರು ಬಹಳ ಮಂದಿ. ಕುರಿಗಾಹಿಗಳ ಎದುರು ಅವನು ತನ್ನ ಹಳೆಯ ಕಥೆ ಹೇಳುವ ದೃಶ್ಯ ತೋರಿಸಿ, ಆಮೇಲೂ ಆ ಮಾತು ನಿಲ್ಲುತ್ತದೆಯೇ ನೋಡಿ. ನೋವಿನಿಂದ ಬಿಟ್ಟದ್ದಕ್ಕೂ ಅರಿವಿನಿಂದ ಬಿಟ್ಟದ್ದಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣದು.

ಬೆಳಕಿನಕಿಂಡಿ (ಉತ್ತರ)

ಯಾರೂ ಅನುಮತಿ ಮತ್ತು ಸಲಕರಣೆ ಬಗ್ಗೆ ಹೇಳಲಿಲ್ಲ.

ಟಿಕೆಟ್ ಇಲ್ಲ ಅಂದಮಾತ್ರಕ್ಕೆ ಸಿನಿಮಾವನ್ನು ಸಾರ್ವಜನಿಕವಾಗಿ ತೋರಿಸಬಹುದು ಎಂದಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗಳು ತಮ್ಮ ವಿದ್ಯಾರ್ಥಿ, ಸಿಬ್ಬಂದಿ, ಪೋಷಕರ ಮುಂದೆ ಪಾಠದ ಭಾಗವಾಗಿ ತೋರಿಸಲು ವಿನಾಯಿತಿ ಇದೆ, ಬಡಾವಣೆಯ ಕೂಟ ಅದರೊಳಗೆ ಬರುವುದಿಲ್ಲ. 'ವಿಮರ್ಶೆಗಾಗಿ ನ್ಯಾಯವಾದ ಬಳಕೆ' ಎಂಬ ಅವಕಾಶವೂ ಅಲ್ಲೇ ಇದೆ. ಸಣ್ಣ ತುಣುಕು ತೋರಿಸಿ ಚರ್ಚಿಸುವುದು ಅದಕ್ಕೆ ಹತ್ತಿರ, ಪೂರ್ತಿ ಚಿತ್ರ ಹಾಕುವುದು ಬಹಳ ದೂರ. ಪೂರ್ತಿ ಹಾಕುವುದಾದರೆ ಹಕ್ಕುದಾರರಿಂದ ಲಿಖಿತ ಅನುಮತಿ ಪಡೆಯಿರಿ. ಓಟಿಟಿ ಚಂದಾ ಸ್ವಂತ ಬಳಕೆಗೆ ಮಾತ್ರ ಎಂದು ಅವರ ಷರತ್ತಿನಲ್ಲೇ ಇರುತ್ತದೆ, ಅದನ್ನೂ ಓದಿಕೊಳ್ಳಿ.

ಓಟಿಟಿಯಿಂದ ನೇರವಾಗಿ ಹಾಕುವಾಗ ಹಳೆಯ ಪ್ರೊಜೆಕ್ಟರಿನಲ್ಲಿ ಸದ್ದು ಬಂದು ಚಿತ್ರ ಕಪ್ಪಾಗುವುದುಂಟು. ಅದು ಕೇಬಲ್ ಕೆಟ್ಟದ್ದಲ್ಲ, ನಕಲು ತಡೆಯುವ ರಕ್ಷಣೆಯನ್ನು ಹಳೆಯ ಪ್ರೊಜೆಕ್ಟರ್, ವಿಜಿಎ ಅಡಾಪ್ಟರ್ ಒಪ್ಪದಿರುವುದು. ಹಿಂದಿನ ದಿನವೇ ಅದೇ ಕೋಣೆಯಲ್ಲಿ ಅದೇ ತಂತಿಯಿಂದ ಪರೀಕ್ಷಿಸಿ. ಸಂಜೆ 4ಕ್ಕೆ ಪಡುವಣ ಕಿಟಕಿಯ ಬಿಸಿಲು ನೇರ ಪರದೆಗೆ ಬೀಳುತ್ತದೆ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿಸಿ, ಪ್ರೊಜೆಕ್ಟರ್ 3000 ಲುಮೆನ್ಸಿಗೆ ಕಡಿಮೆ ಬೇಡ. ಹಣ ಇರುವುದು ಒಂದಕ್ಕೆ ಮಾತ್ರ ಎಂದರೆ ಧ್ವನಿಗೆ ಹಾಕಿ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಹಿರಿಯರಿಗೆ ಮಾತು ಕೇಳುವುದಿಲ್ಲ, ಕೇಳದ ತುಣುಕಿನ ಮೇಲೆ ಚರ್ಚೆ ಹುಟ್ಟದು. ಎರಡು ಸ್ಪೀಕರನ್ನು ಪರದೆಯ ಅಕ್ಕಪಕ್ಕ ಕಿವಿಯ ಎತ್ತರಕ್ಕೆ ಇಡಿ. ಚಾರ್ಲಿ, ಕಾಂತಾರಕ್ಕೆ ಅಡಿಬರಹ ಸಿಗುತ್ತದೆ, ಹಾಕಿಡಿ.

ತುಂಗೆದಡ

ಕ್ರಮ ಹೀಗೆ ಇಟ್ಟುಕೊಂಡಿದ್ದೇವೆ: ಕಸ್ತೂರಿ ನಿವಾಸ, ಬಂಗಾರದ ಮನುಷ್ಯ, ಭಕ್ತ ಕುಂಬಾರ, ಚಾರ್ಲಿ, ಕಾಂತಾರ, ತಿಥಿ. ಮನೆಯಲ್ಲಿ ನೋಡದೆ ಬಂದವರನ್ನು ಏನು ಮಾಡುವುದು? ಮೊದಲ ತಿಂಗಳು ಮೂರರಲ್ಲಿ ಒಬ್ಬರು ಹಾಗೇ ಬರುವ ಸಾಧ್ಯತೆ ಇದೆ.

ದೃಶ್ಯಸಂಧಿ

ಅವರನ್ನು ಕಥೆ ಹೇಳಿ ಸಿದ್ಧಪಡಿಸಬೇಡಿ. ಪ್ರತಿ ತುಣುಕಿಗೂ ಮೊದಲು ಮೂರು ಸಾಲು: ಇವರು ಯಾರು, ಎಲ್ಲಿದ್ದಾರೆ, ಇಲ್ಲಿಯವರೆಗೆ ಏನು ಕಳೆದುಕೊಂಡಿದ್ದಾರೆ. ಮುಂದೇನಾಗುತ್ತದೆ ಎಂದು ಹೇಳಬಾರದು. ಒಂದೊಂದು ಗುಂಪಿಗೂ ಅಂಥವರಲ್ಲಿ ಒಬ್ಬಿಬ್ಬರನ್ನು ಹಂಚಿ, "ಏನು ಕಂಡಿತು" ಎಂಬ ಮೊದಲ ಪ್ರಶ್ನೆಯನ್ನು ಅವರಿಂದಲೇ ಶುರುಮಾಡಿಸಿ. ಕೊನೆ ಗೊತ್ತಿಲ್ಲದ ಕಣ್ಣಿಗೆ, ಪಾರಿವಾಳ ಇನ್ನೂ ಗೂಡಿನಲ್ಲೇ ಇರುತ್ತದೆ.